ಜಲಾಧಾರಿತ ಪಾಲಿಯೆಸ್ಟರ್ ರೆಸಿನ್: ಕಿಲೋ ದರದಾಚೆಗಿನ ಲೆಕ್ಕ

ದಕ್ಷಿಣ ಬೆಂಗಳೂರಿನ ಹಲವೆಡೆ ಕೈಗಾರಿಕಾ ಬಡಾವಣೆಗೂ ವಸತಿ ಬಡಾವಣೆಗೂ ನಡುವೆ ಈಗ ಉಳಿದಿರುವುದು ಒಂದು ಕಾಂಪೌಂಡ್ ಗೋಡೆ ಮಾತ್ರ. ಜೆ.ಪಿ. ನಗರ 3ನೇ ಹಂತದ ಸಾರಕ್ಕಿ ಇಂಡಸ್ಟ್ರಿಯಲ್ ಲೇಔಟ್ ಆಗಲಿ, ಕನಕಪುರ ರಸ್ತೆಯ ಯಲಚೇನಹಳ್ಳಿ ಕೈಗಾರಿಕಾ ಪ್ರದೇಶವಾಗಲಿ ಒಂದು ಕಾಲಕ್ಕೆ ಊರಿನ ಅಂಚಿನಲ್ಲಿದ್ದವು. 2017ರ ಜೂನ್‌ನಲ್ಲಿ ಯಲಚೇನಹಳ್ಳಿಯವರೆಗೆ ಮೆಟ್ರೊ ಬಂದ ನಂತರ ಆ ಅಂಚು ಇನ್ನಷ್ಟು ದಕ್ಷಿಣಕ್ಕೆ ಸರಿದಿದೆ. ಜಯನಗರ, ಬನಶಂಕರಿ, ಬಿಟಿಎಂ ಲೇಔಟ್‌ಗಳ ಒಳರಸ್ತೆಗಳಲ್ಲಂತೂ ನೆಲಮಹಡಿಯಲ್ಲಿ ಲೇಬಲ್ ಮುದ್ರಣ ಅಥವಾ ಸ್ಕ್ರೀನ್ ಪ್ರಿಂಟಿಂಗ್, ಮೇಲಿನ ಮಹಡಿಯಲ್ಲಿ ಸಂಸಾರ ಎಂಬ ವ್ಯವಸ್ಥೆ ಹೊಸದೇನಲ್ಲ. ಥಿನ್ನರ್ ವಾಸನೆಯ ಬಗ್ಗೆ ನೆರೆಹೊರೆಯವರ ದೂರು, ಶಾಯಿಯಲ್ಲಿ ಏನೇನಿದೆ ಎಂದು ಕೇಳುವ ಖರೀದಿದಾರರ ಪತ್ರ, ದ್ರಾವಕದ ಡ್ರಮ್ಮುಗಳನ್ನು ಎಲ್ಲಿಟ್ಟಿದ್ದೀರಿ ಎಂಬ ವಿಮಾ ಸರ್ವೇಯರರ ಪ್ರಶ್ನೆ, ಈ ಮೂರೂ ಒಟ್ಟಿಗೆ ಎದುರಾದಾಗ ಸಣ್ಣ ಉದ್ಯಮಿಯ ಗಮನ ಜಲಾಧಾರಿತ ಲೇಪನ ಹಾಗೂ ಶಾಯಿಗಳ ಕಡೆಗೆ ಹೊರಳುವುದು ಸಹಜ.

ಹೀಗೆ ಗಮನ ಹೊರಳಿದ ಕೂಡಲೇ ಕೇಳಲಾಗುವ ಮೊದಲ ಪ್ರಶ್ನೆ, ‘ಕಿಲೋಗೆ ಎಷ್ಟು?’ ಎಂಬುದು. ಉತ್ತರ ಸಾಮಾನ್ಯವಾಗಿ ಹಳೆಯ ಶಾಯಿಯ ದರಕ್ಕಿಂತ ಹೆಚ್ಚಿರುತ್ತದೆ. ಮಾತುಕತೆ ಅಲ್ಲಿಗೇ ಮುಗಿಯುತ್ತದೆ. ವಾಸ್ತವವಾಗಿ ಕಿಲೋ ದರದಿಂದ ಲಾಭವೂ ತಿಳಿಯದು, ನಷ್ಟವೂ ತಿಳಿಯದು. ಡಬ್ಬದೊಳಗಿನ ಘನಾಂಶ ಎಷ್ಟು, ಒಣಗಿಸಲು ತಗಲುವ ಶಾಖ ಎಷ್ಟು, ಬೆರೆಸುವ ನೀರು ಎಂತಹದು, ತೊಳೆದ ನೀರು ಎಲ್ಲಿಗೆ ಹೋಗುತ್ತದೆ ಎಂಬ ನಾಲ್ಕು ಸಂಗತಿಗಳನ್ನು ಬೇರೆ ಬೇರೆಯಾಗಿ ಲೆಕ್ಕಕ್ಕೆ ತೆಗೆದುಕೊಂಡಾಗ ಮಾತ್ರ ನಿಜಸ್ಥಿತಿ ಸ್ಪಷ್ಟವಾಗುತ್ತದೆ.

ಅರಗಿನಿಂದ ಪಾಲಿಯೆಸ್ಟರಿನವರೆಗೆ

ಬಣ್ಣವಾಗಲಿ ಶಾಯಿಯಾಗಲಿ, ವರ್ಣದ ಪುಡಿಯನ್ನು ಮೇಲ್ಮೈಗೆ ಅಂಟಿಸಿ ಹಿಡಿದಿಡುವ ವಸ್ತುವೇ ರೆಸಿನ್, ಅಂದರೆ ರಾಳ. ಕನ್ನಡನಾಡಿಗೆ ಇದು ಅಪರಿಚಿತ ವಿಷಯವಲ್ಲ. ಚನ್ನಪಟ್ಟಣದ ಗೊಂಬೆಗಳಿಗೆ ಮೆರುಗು ಕೊಡುವ ಅರಗು ಒಂದು ರಾಳವೇ. 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಮೈಸೂರಿನಲ್ಲಿ ಆರಂಭವಾದ ‘ಮೈಸೂರು ಲ್ಯಾಕ್ ಅಂಡ್ ಪೇಂಟ್ ವರ್ಕ್ಸ್’ ತನ್ನ ಹೆಸರಿನಲ್ಲೇ ಅರಗನ್ನು ಇಟ್ಟುಕೊಂಡಿತ್ತು. 1962ರಿಂದ ಚುನಾವಣೆಯ ಅಳಿಸಲಾಗದ ಶಾಯಿಯನ್ನು ಪೂರೈಸುತ್ತ ದೇಶಕ್ಕೆಲ್ಲ ಪರಿಚಿತವಾಗಿರುವ ಇಂದಿನ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ ಸಂಸ್ಥೆ ಅದೇ.

ಅರಗು ತಾನಾಗಿ ನೀರಿನಲ್ಲಿ ಕರಗದು, ಸ್ಪಿರಿಟ್ಟಿನಲ್ಲಿ ಕರಗುತ್ತದೆ. ಆದರೆ ಬಿಳಿಗಾರ ಬೆರೆಸಿದ ಬಿಸಿನೀರಿನಲ್ಲಿ ಅದೂ ಕರಗುತ್ತದೆಂಬುದನ್ನು ಹಳಬರು ಬಲ್ಲರು. ಅರಗಿನಲ್ಲಿರುವ ಆಮ್ಲದ ಅಂಶವನ್ನು ಕ್ಷಾರವು ಲವಣವಾಗಿ ಮಾರ್ಪಡಿಸುವುದೇ ಇದಕ್ಕೆ ಕಾರಣ. ಇಂದಿನ ಜಲಾಧಾರಿತ ಪಾಲಿಯೆಸ್ಟರಿನ ಒಂದು ವರ್ಗ ನಿಂತಿರುವುದು ಇದೇ ತತ್ವದ ಮೇಲೆ. ಐಸೋಥಾಲಿಕ್ ಆಮ್ಲ, ಅಡಿಪಿಕ್ ಆಮ್ಲ ಮೊದಲಾದವನ್ನು ನಿಯೋಪೆಂಟೈಲ್ ಗ್ಲೈಕಾಲ್, ಟ್ರೈಮೆಥಿಲಾಲ್ ಪ್ರೊಪೇನ್‌ನಂತಹ ಆಲ್ಕೊಹಾಲುಗಳೊಡನೆ ಕಾಯಿಸಿ ಪಾಲಿಯೆಸ್ಟರ್ ತಯಾರಿಸುವಾಗ ಸ್ವಲ್ಪ ಆಮ್ಲಾಂಶವನ್ನು ಬೇಕೆಂದೇ ಉಳಿಸಲಾಗುತ್ತದೆ. ಅನಂತರ ಅಮೈನಿನಿಂದ ಅದನ್ನು ತಟಸ್ಥಗೊಳಿಸಿ ನೀರಿಗೆ ಇಳಿಸುತ್ತಾರೆ. ಮೆಲಮೈನ್ ರೆಸಿನ್ನಿನೊಂದಿಗೆ ಸೇರಿಸಿ ಸುಮಾರು 140ರಿಂದ 160 ಡಿಗ್ರಿ ಶಾಖದಲ್ಲಿ ಬೇಯಿಸುವ ಲೋಹದ ಎನಾಮೆಲ್‌ಗಳು ಈ ವರ್ಗಕ್ಕೆ ಸೇರಿದವು.

ಎರಡನೆಯ ವರ್ಗವು ಮುದ್ರಕರಿಗೆ ಹೆಚ್ಚು ಪ್ರಸ್ತುತವಾದುದು. ಇದರಲ್ಲಿ ಸೋಡಿಯಂ ಸಲ್ಫೊಐಸೋಥಾಲಿಕ್ ಆಮ್ಲವೆಂಬ ಘಟಕವನ್ನು ಪಾಲಿಯೆಸ್ಟರಿನ ಸರಪಳಿಯಲ್ಲೇ ಹೆಣೆದಿರುತ್ತಾರೆ. ಆ ಘಟಕದ ಲವಣಗುಣದಿಂದಾಗಿ ರೆಸಿನ್ ಬೇರೆ ಸಾಬೂನಿನಂತಹ ವಸ್ತುವಿನ ನೆರವಿಲ್ಲದೆ ಅತಿ ಸೂಕ್ಷ್ಮ ಕಣಗಳಾಗಿ ನೀರಿನಲ್ಲಿ ಚದುರಿ ನಿಲ್ಲುತ್ತದೆ. ಅಮೆರಿಕದ ಈಸ್ಟ್‌ಮನ್ ಸಂಸ್ಥೆಯ ‘ಎಕ್ಯು’ ಸರಣಿ, ಜಪಾನಿನ ಟೊಯೊಬೊ ಸಂಸ್ಥೆಯ ‘ವೈಲೊನಾಲ್’ ಈ ಬಗೆಯ ಸರಕುಗಳಿಗೆ ಹೆಸರಾದವು. ಪಾಲಿಯೆಸ್ಟರ್ ಫಿಲ್ಮ್, ಲೋಹ ಲೇಪಿತ ಫಿಲ್ಮ್, ಅಲ್ಯೂಮಿನಿಯಂ ಹಾಳೆಗಳ ಮೇಲೆ ಇವು ಚೆನ್ನಾಗಿ ಹಿಡಿಯುತ್ತವೆ. ರಟ್ಟಿನ ಪೆಟ್ಟಿಗೆ ತಯಾರಕರು ದಶಕಗಳಿಂದ ಬಳಸುತ್ತಿರುವ ಫ್ಲೆಕ್ಸೊ ಶಾಯಿಯೂ ಜಲಾಧಾರಿತವೇ ಹೌದು. ಆದರೆ ಅದರಲ್ಲಿರುವುದು ಬಹುಮಟ್ಟಿಗೆ ಅಕ್ರಿಲಿಕ್. ರಟ್ಟು ನೀರನ್ನು ಹೀರಿಕೊಳ್ಳುತ್ತದೆ, ಫಿಲ್ಮ್ ಹೀರಿಕೊಳ್ಳುವುದಿಲ್ಲ. ‘ನಮ್ಮ ಪೆಟ್ಟಿಗೆ ವಿಭಾಗದಲ್ಲಿ ವಾಟರ್ ಬೇಸ್ ಚೆನ್ನಾಗಿ ಓಡುತ್ತಿದೆ, ಪೌಚಿಗೂ ಅದೇ ಹಾಕೋಣ’ ಎಂದು ಹೊರಟವರಿಗೆ ಎದುರಾಗುವ ತೊಂದರೆಗಳೆಲ್ಲ ಈ ಒಂದು ವ್ಯತ್ಯಾಸದಿಂದ ಹುಟ್ಟುತ್ತವೆ.

ನೀರಿನ ಗುಣ, ನೀರಿನ ಬೆಲೆ

ಜಲಾಧಾರಿತ ಎಂದೊಡನೆ ನೀರು ಪುಕ್ಕಟೆ ಎಂಬ ಭಾವನೆ ಬರುತ್ತದೆ. ದಕ್ಷಿಣ ಬೆಂಗಳೂರಿನ ಉದ್ಯಮಿಗೆ ಇದಕ್ಕಿಂತ ದುಬಾರಿಯಾದ ತಪ್ಪು ತಿಳಿವಳಿಕೆ ಇನ್ನೊಂದಿಲ್ಲ. ಸಲ್ಫೊಪಾಲಿಯೆಸ್ಟರಿನ ಕಣಗಳನ್ನು ಒಂದಕ್ಕೊಂದು ಅಂಟದಂತೆ ದೂರ ಇರಿಸುವುದು ಅವುಗಳ ಋಣ ವಿದ್ಯುದಂಶ. ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಆ ಅಂಶವನ್ನು ಕುಂದಿಸುತ್ತವೆ; ಕಣಗಳು ಮೊಸರಿನಂತೆ ಒಡೆದು ಗಂಟುಕಟ್ಟುತ್ತವೆ. ಕೊಳವೆಬಾವಿ ಅಥವಾ ಟ್ಯಾಂಕರ್ ನೀರನ್ನು ನೇರವಾಗಿ ಶಾಯಿಗೆ ಬೆರೆಸಿದರೆ ಆಗುವುದು ಇದೇ. ಕಾವೇರಿ ನೀರು ಹೋಲಿಕೆಯಲ್ಲಿ ಮೃದುವಾದರೂ, ಇಂದು ಕಾವೇರಿ ನೀರು, ನಾಳೆ ಟ್ಯಾಂಕರ್ ನೀರು ಎಂಬ ಸ್ಥಿತಿಯಲ್ಲಿ ಶಾಯಿಯ ಗುಣ ದಿನಕ್ಕೊಂದು ತೆರನಾಗುತ್ತದೆ. ಖನಿಜರಹಿತ ನೀರು, ಅಂದರೆ ಬ್ಯಾಟರಿಗೆ ಹಾಕುವಂತಹ ಡಿಎಂ ನೀರು, ಇಲ್ಲಿ ಕಚ್ಚಾವಸ್ತುವೇ ಆಗಿದ್ದು, ಅದರ ವೆಚ್ಚವನ್ನು ಕಚ್ಚಾವಸ್ತುವಿನ ಖಾತೆಯಲ್ಲೇ ತೋರಿಸುವುದು ಸೂಕ್ತ.

2024ರ ಮಾರ್ಚ್‌ನ ನೀರಿನ ಕೊರತೆಯನ್ನು ಯಾವ ಉದ್ಯಮಿಯೂ ಮರೆತಿರಲಾರ. ವಾಹನ ತೊಳೆಯಲು, ಕಟ್ಟಡ ಕಟ್ಟಲು, ಕೈತೋಟಕ್ಕೆ ಕುಡಿಯುವ ನೀರು ಬಳಸಕೂಡದೆಂದು ಜಲಮಂಡಳಿ ಆಗ ಆದೇಶಿಸಿತ್ತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಕಾವೇರಿ 5ನೇ ಹಂತದ ಯೋಜನೆ ಉದ್ಘಾಟನೆಗೊಂಡಿತಾದರೂ, ನೀರನ್ನು ಆಧರಿಸಿದ ತಯಾರಿಕೆಗೆ ಕೈಹಾಕುವವರು ಬೇಸಿಗೆಯ ಮೂರು ತಿಂಗಳ ಏರ್ಪಾಡನ್ನು ಮೊದಲೇ ಯೋಚಿಸಬೇಕಾಗುತ್ತದೆ.

ಸಾಗಣೆಯ ಪ್ರಶ್ನೆಯೂ ಇದಕ್ಕೆ ಹೊಂದಿಕೊಂಡಿದೆ. ಶೇ. 30ರ ಘನಾಂಶದ ಡಿಸ್ಪರ್ಷನ್ ತರಿಸಿದರೆ, ಪ್ರತಿ 100 ಕಿಲೋ ಸರಕಿನಲ್ಲಿ 70 ಕಿಲೋ ನೀರಿಗೆ ಲಾರಿ ಬಾಡಿಗೆ ತೆತ್ತಂತೆ. ಸಲ್ಫೊಪಾಲಿಯೆಸ್ಟರನ್ನು ಹರಳುಗಳ ರೂಪದಲ್ಲಿ ಕೊಂಡು, 80ರಿಂದ 90 ಡಿಗ್ರಿಗೆ ಕಾಯಿಸಿದ ಡಿಎಂ ನೀರಿನಲ್ಲಿ ಕಲಕುತ್ತ ಕಾರ್ಖಾನೆಯಲ್ಲೇ ಡಿಸ್ಪರ್ಷನ್ ಮಾಡಿಕೊಳ್ಳಲು ಸಾಧ್ಯವಿದೆ. ಶಾಖ ಕೊಡುವ ತೊಟ್ಟಿ, ಕಲಕುವ ಯಂತ್ರ, ಒಬ್ಬ ನುರಿತ ಕೆಲಸಗಾರ, ಇಷ್ಟಿದ್ದರೆ ಸಾಕು. ತಿಂಗಳಿಗೆ ಒಂದೆರಡು ಡ್ರಮ್ ಬಳಸುವವರಿಗೆ ಇದು ಲಾಭದಾಯಕವಲ್ಲ. ಹತ್ತಾರು ಮುದ್ರಕರಿಗೆ ಶಾಯಿ ಪೂರೈಸುವ ಸಣ್ಣ ತಯಾರಕನಿಗೆ ಖಂಡಿತ ಪರಿಶೀಲನಾರ್ಹ.

ದಾಸ್ತಾನಿನ ವಿಷಯದಲ್ಲಿ ಪಾಲಿಯೆಸ್ಟರಿಗೆ ಅಕ್ರಿಲಿಕ್‌ಗಿಲ್ಲದ ದೌರ್ಬಲ್ಯವೊಂದಿದೆ. ಆಮ್ಲವೂ ಆಲ್ಕೊಹಾಲೂ ಕೂಡಿದಾಗ ನೀರು ಹೊರಬಿದ್ದು ಪಾಲಿಯೆಸ್ಟರ್ ಆಗಿದೆ. ಅದನ್ನು ಮತ್ತೆ ನೀರಿನಲ್ಲೇ ಇಟ್ಟರೆ ಅದೇ ಕ್ರಿಯೆ ಹಿಮ್ಮುಖವಾಗಿ, ನಿಧಾನವಾಗಿ ನಡೆಯುತ್ತದೆ. ಸರಪಳಿ ತುಂಡಾಗುತ್ತ ಹೋಗುತ್ತದೆ. ಶಾಖ ಹೆಚ್ಚಿದಷ್ಟೂ, ಕ್ಷಾರಗುಣ ಹೆಚ್ಚಿದಷ್ಟೂ ಇದರ ವೇಗ ಹೆಚ್ಚು. ಅಕ್ರಿಲಿಕ್ ಶಾಯಿ ಬಳಸಿ ಅಭ್ಯಾಸವಾದವರು ಪಿಎಚ್ ಇಳಿದಾಗಲೆಲ್ಲ ಅಮೋನಿಯ ಸುರಿಯುವುದುಂಟು. ಸಲ್ಫೊಪಾಲಿಯೆಸ್ಟರಿಗೆ ಆ ಚಿಕಿತ್ಸೆಯೇ ರೋಗವಾಗುತ್ತದೆ. ತಗಡು ಅಥವಾ ಸಿಮೆಂಟ್ ಶೀಟಿನ ಚಾವಣಿಯ ಕೆಳಗೆ ಏಪ್ರಿಲ್, ಮೇ ತಿಂಗಳಲ್ಲಿ ಆರು ತಿಂಗಳ ಸರಕನ್ನು ಪೇರಿಸಿಡುವುದೂ ಸಲ್ಲದು. ದರ ಏರುವ ಮುನ್ನ ಹೆಚ್ಚು ಕೊಂಡಿಟ್ಟುಕೊಳ್ಳುವ ನಮ್ಮ ವರ್ತಕರ ಹಳೆಯ ಜಾಣತನ ಇಲ್ಲಿ ನಡೆಯುವುದಿಲ್ಲ.

ಖರೀದಿಯ ವೇಳೆ ಕೇಳಬೇಕಾದ ಇನ್ನೊಂದು ಅಂಕಿ, ರೆಸಿನ್ ಗಾಜಿನಂತಹ ಗಡಸು ಸ್ಥಿತಿಯಿಂದ ಮೆತ್ತಗಾಗುವ ಉಷ್ಣಾಂಶದ್ದು. ಈಸ್ಟ್‌ಮನ್ ಸರಣಿಯ 38, 55 ಎಂಬ ಸಂಖ್ಯೆಗಳು ಸರಿಸುಮಾರು ಈ ಉಷ್ಣಾಂಶವನ್ನೇ ಸೂಚಿಸುತ್ತವೆ. 38 ಡಿಗ್ರಿಗೆ ಮೆತ್ತಗಾಗುವ ರೆಸಿನ್ ಬೆಂಗಳೂರಿನ ಡಿಸೆಂಬರ್‌ನಲ್ಲಿ ಸೊಗಸಾಗಿ ಮುದ್ರಣಗೊಂಡು, ಮೇ ತಿಂಗಳಲ್ಲಿ ವಿಜಯವಾಡಕ್ಕೆ ಹೊರಟ ಲಾರಿಯಲ್ಲಿ ಸುರುಳಿಯ ಪದರಗಳೆಲ್ಲ ಒಂದಕ್ಕೊಂದು ಅಂಟಿಕೊಂಡರೆ ಆಶ್ಚರ್ಯಪಡಬೇಕಾಗಿಲ್ಲ. ಅಗರಬತ್ತಿ ಪೊಟ್ಟಣಗಳ ಮುದ್ರಕರು ಇನ್ನೂ ಒಂದು ಪರೀಕ್ಷೆ ಮಾಡಿಸುವುದು ಒಳ್ಳೆಯದು. ಸುಗಂಧದಲ್ಲಿ ಬೆರೆಸುವ ಡೈಈಥೈಲ್ ಥಾಲೇಟ್ ರೆಸಿನ್ನುಗಳನ್ನು ಮೆತ್ತಗೆ ಮಾಡಬಲ್ಲದು. ಬತ್ತಿ ತುಂಬಿದ ಪೊಟ್ಟಣವನ್ನು ಕೆಲವು ವಾರ ಬೆಚ್ಚಗಿನ ಸ್ಥಳದಲ್ಲಿಟ್ಟು ನೋಡದೆ ದೊಡ್ಡ ಆರ್ಡರ್ ಒಪ್ಪಿಕೊಳ್ಳುವುದು ಅಪಾಯಕರ.

ಸಾವಿರ ಚದರ ಮೀಟರಿನ ಲೆಕ್ಕ

ಈಗ ಹಣದ ವಿಚಾರ. ಮುಂದಿನ ದರಗಳು ಉದಾಹರಣೆಗಾಗಿ ಊಹಿಸಿಕೊಂಡವು. ಓದುಗರು ತಮ್ಮ ತಮ್ಮ ಬಿಲ್ಲುಗಳಲ್ಲಿರುವ ದರಗಳನ್ನು ಹಾಕಿ ನೋಡಬಹುದು. ಜಿಎಸ್‌ಟಿಗೆ ಹೂಡುವಳಿ ತೆರಿಗೆ ಜಮೆ ದೊರೆಯುವುದರಿಂದ ಅದನ್ನು ಸೇರಿಸಿಲ್ಲ.

ಫಿಲ್ಮಿನ ಮೇಲೆ ಪ್ರತಿ ಚದರ ಮೀಟರಿಗೆ ಒಂದೂವರೆ ಗ್ರಾಂ ಒಣ ಶಾಯಿ ಬೇಕೆಂದಿಟ್ಟುಕೊಳ್ಳೋಣ. 1,000 ಚದರ ಮೀಟರಿಗೆ ಒಂದೂವರೆ ಕಿಲೋ ಒಣ ಶಾಯಿಯಾಯಿತು. ದ್ರಾವಕಾಧಾರಿತ ಶಾಯಿ ಕಿಲೋಗೆ 280 ರೂ., ಘನಾಂಶ ಶೇ. 30 ಎಂದಾದರೆ 5 ಕಿಲೋ ಶಾಯಿ ಬೇಕು, 1,400 ರೂ. ಅದನ್ನು ಹದಕ್ಕೆ ತರಲು 2 ಕಿಲೋ ಥಿನ್ನರ್, ಕಿಲೋಗೆ 110 ರೂ.ನಂತೆ 220 ರೂ. ಒಟ್ಟು 1,620 ರೂ. ಜಲಾಧಾರಿತ ಶಾಯಿ ಕಿಲೋಗೆ 340 ರೂ., ಘನಾಂಶ ಶೇ. 40 ಎಂದಾದರೆ 3.75 ಕಿಲೋ ಸಾಕು, 1,275 ರೂ. ಹದಕ್ಕೆ ತರಲು ಸುಮಾರು 375 ಗ್ರಾಂ ಡಿಎಂ ನೀರು. ಇದರ ಬೆಲೆ ಅತ್ಯಲ್ಪ. ಕಿಲೋಗೆ 60 ರೂ. ದುಬಾರಿಯಾಗಿ ಕಂಡ ಶಾಯಿ, ಬಳಕೆಯಲ್ಲಿ 345 ರೂ. ಅಗ್ಗವಾಯಿತು. ಥಿನ್ನರಿನ ಬಿಲ್ ಬೇರೆ ಖಾತೆಯಲ್ಲಿ ಕುಳಿತಿರುವುದರಿಂದ ಈ ಉಳಿತಾಯ ಹಲವರ ಕಣ್ಣಿಗೆ ಬೀಳುವುದೇ ಇಲ್ಲ.

ಆದರೆ ಮಾರಾಟ ಪ್ರತಿನಿಧಿ ಸಾಮಾನ್ಯವಾಗಿ ಇಲ್ಲಿಗೇ ಲೆಕ್ಕ ನಿಲ್ಲಿಸುತ್ತಾನೆ. ಅಲ್ಲಿಂದ ಮುಂದಿನದನ್ನು ಉದ್ಯಮಿಯೇ ಬರೆದುಕೊಳ್ಳಬೇಕು. ಒಂದು ಕಿಲೋ ಟೊಲೂಯಿನ್ ಅಥವಾ ಈಥೈಲ್ ಅಸಿಟೇಟ್ ಆವಿಯಾಗಲು ಸುಮಾರು 360 ಕಿಲೋಜೂಲ್ ಶಾಖ ಸಾಕು. ನೀರಿಗೆ ಸುಮಾರು 2,260 ಕಿಲೋಜೂಲ್, ಅಂದರೆ ಆರು ಪಟ್ಟು ಬೇಕು. ಮೇಲಿನ ಉದಾಹರಣೆಯಲ್ಲಿ 5.5 ಕಿಲೋ ದ್ರಾವಕ ಆವಿಯಾಗಬೇಕು. ಇತ್ತ ಸುಮಾರು 2.6 ಕಿಲೋ ನೀರು. ಪ್ರಮಾಣ ಅರ್ಧಕ್ಕಿಂತ ಕಡಿಮೆಯಾದರೂ ಶಾಖ ಸುಮಾರು ಮೂರು ಪಟ್ಟು. ಡ್ರೈಯರಿನ ಶಾಖದಲ್ಲಿ ಹತ್ತರಲ್ಲೊಂದು ಪಾಲು ಮಾತ್ರ ನಿಜವಾಗಿ ಆವಿ ಮಾಡಲು ವಿನಿಯೋಗವಾಗುತ್ತದೆಂದು ಹಿಡಿದರೆ, ದ್ರಾವಕಕ್ಕೆ ಐದೂವರೆ ಯೂನಿಟ್, ನೀರಿಗೆ ಹದಿನಾರೂವರೆ ಯೂನಿಟ್ ವಿದ್ಯುತ್. ವ್ಯತ್ಯಾಸದ 11 ಯೂನಿಟ್ಟಿಗೆ 8 ರೂ.ನಂತೆ 88 ರೂ. ಇದರ ಮೇಲೆ ಯಂತ್ರದ ವೇಗ ತಗ್ಗುತ್ತದೆ. ಒಂದು ಮೀಟರ್ ಅಗಲದ ಫಿಲ್ಮ್ ನಿಮಿಷಕ್ಕೆ 100 ಮೀಟರ್ ಓಡುತ್ತಿದ್ದುದು 70 ಮೀಟರಿಗೆ ಇಳಿದರೆ, 10 ನಿಮಿಷದ ಕೆಲಸಕ್ಕೆ 14 ನಿಮಿಷ ಮೀರುತ್ತದೆ. ಯಂತ್ರದ ಗಂಟೆಯ ವೆಚ್ಚ 1,500 ರೂ. ಎಂದಾದರೆ 107 ರೂ. ಹೆಚ್ಚಳ. ಇನ್ನು ಕಲಿಕೆಯ ದಿನಗಳ ತಿರಸ್ಕೃತ ಸರಕು. 12 ಮೈಕ್ರಾನಿನ ಪಾಲಿಯೆಸ್ಟರ್ ಫಿಲ್ಮ್ 1,000 ಚದರ ಮೀಟರಿಗೆ 16.8 ಕಿಲೋ ತೂಗುತ್ತದೆ. ಕಿಲೋಗೆ 120 ರೂ.ನಂತೆ 2,016 ರೂ. ಮೊದಲ ತಿಂಗಳುಗಳಲ್ಲಿ ತಿರಸ್ಕಾರ ಶೇ. 5ರಷ್ಟು ಹೆಚ್ಚಿದರೆ 101 ರೂ. ಹೋಯಿತು. 345 ರೂ. ಉಳಿತಾಯದಲ್ಲಿ ಕೈಗೆ ಸಿಗುವುದು 49 ರೂ.!

ಈ 49 ರೂ. ಮಳೆಗಾಲದಲ್ಲಿ ಋಣವಾಗಲೂಬಹುದು. ದ್ರಾವಕ ಒಣಗುವುದಕ್ಕೂ ಗಾಳಿಯ ತೇವಾಂಶಕ್ಕೂ ನೇರ ಸಂಬಂಧವಿಲ್ಲ, ನೀರಿಗೆ ಇದೆ. ಜೂನ್‌ನಿಂದ ಅಕ್ಟೋಬರ್‌ವರೆಗಿನ ಬೆಂಗಳೂರಿನ ತೇವದ ಗಾಳಿಯಲ್ಲಿ ಮಾರ್ಚ್ ತಿಂಗಳ ವೇಗವನ್ನು ನಿರೀಕ್ಷಿಸುವಂತಿಲ್ಲ. ಪ್ರಯೋಗವನ್ನು ಬೇಸಿಗೆಯಲ್ಲಿ ಮಾಡಿ ಜುಲೈಯಲ್ಲಿ ಸರಕು ಕೊಡಲು ಒಪ್ಪಿಕೊಂಡರೆ ತೊಂದರೆ ತಪ್ಪಿದ್ದಲ್ಲ. ಡ್ರೈಯರಿನ ಬಿಸಿಗಿಂತಲೂ ಅದರೊಳಗೆ ಬೀಸುವ ಗಾಳಿಯ ಪ್ರಮಾಣವನ್ನು ಹೆಚ್ಚಿಸುವುದು ಇಲ್ಲಿ ಹೆಚ್ಚು ಫಲಕಾರಿ. ಬ್ಲೋವರ್ ಬದಲಾಯಿಸದೆ ಹೀಟರ್ ಮಾತ್ರ ಸೇರಿಸಿದರೆ ವಿದ್ಯುತ್ ಬಿಲ್ ಏರುತ್ತದೆಯೇ ಹೊರತು ಶಾಯಿ ಒಣಗುವುದಿಲ್ಲ.

ಮೇಲ್ಮೈ ಒದ್ದೆಯಾಗುವ ಪ್ರಶ್ನೆಯನ್ನು ಚುಟುಕಾಗಿ ಹೇಳಬಹುದು. ನೀರಿನ ಮೇಲ್ಮೈ ಸೆಳೆತ ಸುಮಾರು 72 ಡೈನ್, ಟೊಲೂಯಿನ್‌ದು 28. ಪ್ಲಾಸ್ಟಿಕ್ ಫಿಲ್ಮಿನದು 40ರ ಆಸುಪಾಸು. ಹಾಗಾಗಿ ಕೊರೊನಾ ಉಪಚಾರವಿಲ್ಲದ, ಅಥವಾ ಹಳತಾಗಿ ಉಪಚಾರದ ಗುಣ ಇಳಿದುಹೋದ ಫಿಲ್ಮಿನ ಮೇಲೆ ಜಲಾಧಾರಿತ ಶಾಯಿ ಕೆಸುವಿನೆಲೆಯ ಮೇಲಿನ ಹನಿಯಂತೆ ಗುಂಡಗಾಗುತ್ತದೆ. ಡೈನ್ ಪೆನ್ನು, ಪಿಎಚ್ ಮೀಟರ್, ಬಿ-4 ಕಪ್ ಈ ಮೂರನ್ನು ಯಂತ್ರದ ಬಳಿ ಇಡದೆ ಈ ಕೆಲಸಕ್ಕೆ ಇಳಿಯಬಾರದು. ಲೋಹಕ್ಕೆ ಬಣ್ಣ ಹೊಡೆಯುವವರಿಗೆ ಇದರ ಬದಲು ತುಕ್ಕಿನ ಸಮಸ್ಯೆ. ನೀರು ಒಣಗುವಷ್ಟರಲ್ಲೇ ಕಬ್ಬಿಣದ ತಗಡು ಕಂದು ಚುಕ್ಕೆ ತೋರಿಸಬಹುದು. ಪೌಡರ್ ಕೋಟಿಂಗ್‌ಗಾಗಿ ಈಗಾಗಲೇ ಸೆವೆನ್ ಟ್ಯಾಂಕ್ ಫಾಸ್ಫೇಟಿಂಗ್ ವ್ಯವಸ್ಥೆ ಇರುವ ಬೊಮ್ಮಸಂದ್ರ, ಜಿಗಣಿ ಕಡೆಯ ಘಟಕಗಳಿಗೆ ಇದು ದೊಡ್ಡ ತೊಡಕಲ್ಲ. ಬಟ್ಟೆಯಿಂದ ಒರೆಸಿ ಬಣ್ಣ ಹೊಡೆಯುವ ಸಣ್ಣ ಶೆಡ್ಡಿನವರಿಗೆ ತೊಡಕು.

ಹಾಗಿದ್ದರೆ ಬದಲಾಯಿಸುವುದೇಕೆ?

49 ರೂ.ಗಾಗಿ ಯಾರೂ ಯಂತ್ರ ಬದಲಾಯಿಸುವುದಿಲ್ಲ. ನಿಜವಾದ ಕಾರಣ ಲಾಭ–ನಷ್ಟದ ಪಟ್ಟಿಯ ಹೊರಗಿದೆ. ಟೊಲೂಯಿನ್ 4 ಡಿಗ್ರಿಯಲ್ಲೂ, ಈಥೈಲ್ ಅಸಿಟೇಟ್ ಶೂನ್ಯಕ್ಕಿಂತ 4 ಡಿಗ್ರಿ ಕೆಳಗೂ ಹೊತ್ತಿಕೊಳ್ಳಬಲ್ಲ ಆವಿಯನ್ನು ಹೊಮ್ಮಿಸುತ್ತವೆ. ಬೆಂಗಳೂರಿನ ಅತಿ ತಂಪಾದ ಬೆಳಗಿನಲ್ಲೂ ಈ ಡ್ರಮ್ಮುಗಳು ಸುರಕ್ಷಿತವಲ್ಲ ಎಂದರ್ಥ. ಆವಿ ಗಾಳಿಗಿಂತ ಭಾರವಾದುದರಿಂದ ನೆಲದ ಮಟ್ಟದಲ್ಲೇ ಹರಿದು ಮೆಟ್ಟಿಲ ಸಂದಿಗೋ ನೆಲಮಾಳಿಗೆಗೋ ಸೇರುತ್ತದೆ. 2020ರ ನವೆಂಬರ್ 10ರಂದು ಮೈಸೂರು ರಸ್ತೆಯ ಬಾಪೂಜಿನಗರದ ಬಳಿ ಹೊಸಗುಡ್ಡದಹಳ್ಳಿಯಲ್ಲಿ ರಾಸಾಯನಿಕಗಳ ಗೋದಾಮಿಗೆ ಬೆಂಕಿ ಬಿದ್ದಾಗ ಹಾನಿ ಆ ಗೋದಾಮಿಗಷ್ಟೇ ಸೀಮಿತವಾಗಲಿಲ್ಲ. ಅಕ್ಕಪಕ್ಕದ ಮನೆ, ವಾಹನಗಳಿಗೂ ತಗುಲಿತು. ಜನವಸತಿಯ ನಡುವಿನ ದ್ರಾವಕ ದಾಸ್ತಾನು ಎಂದರೆ ಏನೆಂಬುದನ್ನು ನಗರ ಅಂದು ಕಂಡಿತು.

1934ರ ಪೆಟ್ರೋಲಿಯಂ ಅಧಿನಿಯಮವನ್ನು ಪೆಟ್ರೋಲ್ ಬಂಕಿನವರ ಕಾನೂನೆಂದು ತಿಳಿದವರೇ ಹೆಚ್ಚು. ಟೊಲೂಯಿನ್ ಒಂದು ದ್ರವ ಹೈಡ್ರೊಕಾರ್ಬನ್. ಜ್ವಲನ ಬಿಂದು 23 ಡಿಗ್ರಿಗಿಂತ ಕಡಿಮೆ ಇರುವುದರಿಂದ ಅದು ‘ಎ’ ವರ್ಗದ ಪೆಟ್ರೋಲಿಯಂ ಎನಿಸುತ್ತದೆ. ಮಾರಾಟಕ್ಕಲ್ಲದೆ ಸ್ವಂತ ಬಳಕೆಗೆ, ಪರವಾನಗಿಯಿಲ್ಲದೆ ಇಟ್ಟುಕೊಳ್ಳಬಹುದಾದ ‘ಎ’ ವರ್ಗದ ಸರಕು 30 ಲೀಟರ್ ಮಾತ್ರ. 200 ಲೀಟರಿನ ಒಂದೇ ಒಂದು ಡ್ರಮ್ ಈ ಮಿತಿಯ ಆರು ಪಟ್ಟಿಗೂ ಹೆಚ್ಚು. ಅಗ್ನಿ ವಿಮೆಯ ಪ್ರಸ್ತಾವನೆಯಲ್ಲಿ ಇದನ್ನು ನಮೂದಿಸದೆ ಕಂತು ಉಳಿಸಿದವರು, ಕ್ಲೇಮ್ ಸಂದರ್ಭದಲ್ಲಿ ಆ ಉಳಿತಾಯದ ಬೆಲೆ ತೆರಬೇಕಾಗುತ್ತದೆ. ಮುದ್ರಣಾಲಯದ ಮೇಲೆ ಮನೆಯಿರುವ ಕಟ್ಟಡದಲ್ಲಿ ಈ ಲೆಕ್ಕ ಹಣಕ್ಕೆ ಮಾತ್ರ ಸಂಬಂಧಿಸಿದ್ದಲ್ಲ.

ಖರೀದಿದಾರರ ಒತ್ತಡವೂ ಹೆಚ್ಚುತ್ತಿದೆ. ದ್ರಾವಕದ ಆವಿಗೆ ಕಡಿವಾಣ ಹಾಕುವ ಕಾನೂನುಗಳ ಇತಿಹಾಸ ಲಾಸ್ ಏಂಜಲೀಸ್ ಕೌಂಟಿಯ 1966ರ ‘ನಿಯಮ 66’ರಷ್ಟು ಹಿಂದಕ್ಕೆ ಹೋಗುತ್ತದೆ, ಯುರೋಪಿನ ನಿರ್ದೇಶನಗಳು 1999 ಮತ್ತು 2004ರಲ್ಲಿ ಬಂದವು. ಬೊಮ್ಮನಹಳ್ಳಿ, ಹೊಸೂರು ರಸ್ತೆಯ ಸಿದ್ಧ ಉಡುಪು ಕಾರ್ಖಾನೆಗಳಿಗೆ ಸ್ಕ್ರೀನ್ ಪ್ರಿಂಟ್ ಮಾಡಿಕೊಡುವವರಿಗೆ ವಿದೇಶಿ ಬ್ರ್ಯಾಂಡ್‌ಗಳ ನಿರ್ಬಂಧಿತ ರಾಸಾಯನಿಕಗಳ ಪಟ್ಟಿ ಈಗ ಪರಿಚಿತ ದಾಖಲೆ. ದೇಶದೊಳಗೆ, ಆಹಾರ ಸುರಕ್ಷತಾ ಪ್ರಾಧಿಕಾರದ 2018ರ ಪ್ಯಾಕೇಜಿಂಗ್ ನಿಯಮಗಳು 2019ರ ಜುಲೈ 1ರಿಂದ ಜಾರಿಗೆ ಬಂದವು. ಆಹಾರ ಪೊಟ್ಟಣದ ಮುದ್ರಣ ಶಾಯಿ ಐಎಸ್ 15495 ಮಾನಕಕ್ಕೆ ಅನುಗುಣವಾಗಿರಬೇಕೆಂದು ಅವು ವಿಧಿಸುತ್ತವೆ. ಆ ಮಾನಕದ 2020ರ ಪರಿಷ್ಕರಣೆ ಟೊಲೂಯಿನ್ ಬಳಕೆಯನ್ನು ಹೊರಗಿಟ್ಟಿದೆ. ಜಯನಗರ 4ನೇ ಬ್ಲಾಕ್‌ನಲ್ಲೋ ಗಾಂಧಿಬಜಾರಿನಲ್ಲೋ ಚಕ್ಕುಲಿ, ಕೋಡುಬಳೆ, ಸಾರಿನಪುಡಿ ಮಾರುವ ಕಾಂಡಿಮೆಂಟ್ಸ್ ಅಂಗಡಿಯ ಪೌಚಿಗೂ ಇದು ಅನ್ವಯಿಸುತ್ತದೆ. ಮುದ್ರಕರಿಂದ ಈ ಬಗ್ಗೆ ಲಿಖಿತ ಘೋಷಣೆ ಪಡೆದಿಟ್ಟುಕೊಳ್ಳುವುದು ಅಂಗಡಿಯವರ ಹಿತಕ್ಕೇ ಒಳ್ಳೆಯದು. ಆದರೆ ಟೊಲೂಯಿನ್ ರಹಿತ ಎಂದ ಮಾತ್ರಕ್ಕೆ ಜಲಾಧಾರಿತ ಎಂದಾಗುವುದಿಲ್ಲ. ಈಥೈಲ್ ಅಸಿಟೇಟ್ ಶಾಯಿಯಿಂದಲೂ ಟೊಲೂಯಿನ್ ನಿರ್ಬಂಧವನ್ನು ಪಾಲಿಸಬಹುದು. ಮಾನಕವನ್ನೇ ಮುಂದೊಡ್ಡಿ ಜಲಾಧಾರಿತ ಶಾಯಿ ಕಡ್ಡಾಯವೆಂದು ಹೇಳುವ ಮಾರಾಟಗಾರರ ಮಾತನ್ನು ನಂಬಬೇಕಾಗಿಲ್ಲ.

ತೊಳೆದ ನೀರು ಮತ್ತು ಕೆರೆ

ಬೆಂಕಿಯ ಭಯ ಕಳೆಯಿತೆಂದು ನಿಟ್ಟುಸಿರು ಬಿಡುವ ಹೊತ್ತಿಗೆ ಎದುರಾಗುವುದು ತೊಳೆದ ನೀರಿನ ಪ್ರಶ್ನೆ. ದ್ರಾವಕದಿಂದ ಯಂತ್ರ ಒರೆಸಿದ ಬಟ್ಟೆಯನ್ನು ಯಾರೂ ಚರಂಡಿಗೆ ಹಾಕುತ್ತಿರಲಿಲ್ಲ. ಜಲಾಧಾರಿತ ಶಾಯಿಯ ರೋಲರ್, ಟ್ರೇಗಳನ್ನು ನಲ್ಲಿಯ ಕೆಳಗೆ ಹಿಡಿದು ತೊಳೆಯುವುದು ಮಾತ್ರ ಬಹು ಸುಲಭ. ಸಲ್ಫೊಪಾಲಿಯೆಸ್ಟರ್ ಒಣಗಿದ ಮೇಲೂ ಮತ್ತೆ ನೀರಿನಲ್ಲಿ ಚದುರುವ ಗುಣ ಹೊಂದಿರುವುದರಿಂದ ಇನ್ನೂ ಸುಲಭ. ಆ ನೀರಿನಲ್ಲಿರುವ ರೆಸಿನ್, ವರ್ಣಕ, ನೊರೆ ತಡೆಯುವ ವಸ್ತುಗಳು ಮಾತ್ರ ಎಲ್ಲಿಗೂ ಮಾಯವಾಗುವುದಿಲ್ಲ. ಮಡಿವಾಳ ಕೆರೆಯ ನೀರು ಅಗರ ಕೆರೆಗೆ, ಅಲ್ಲಿಂದ ಬೆಳ್ಳಂದೂರಿಗೆ ಎಂಬುದು ಈ ಭಾಗದ ಜಲಮಾರ್ಗ. ಬೆಳ್ಳಂದೂರು ಕೆರೆಯ ನೊರೆಗೆ 2015ರಲ್ಲಿ ಬೆಂಕಿ ಹತ್ತಿದ್ದು, 2017 ಮತ್ತು 2018ರಲ್ಲಿ ಕೆರೆಯಂಗಳ ಹೊತ್ತಿ ಉರಿದದ್ದು ದೇಶವೇ ನೋಡಿದ ಸಂಗತಿ. ಅದಕ್ಕೆ ಮುಖ್ಯ ಕಾರಣ ಸಂಸ್ಕರಿಸದ ಒಳಚರಂಡಿ ನೀರು ಎಂಬುದು ನಿಜ. ಆದರೂ 2017ರ ಏಪ್ರಿಲ್‌ನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಮುಚ್ಚಲು ಆದೇಶಿಸಿದ್ದು ಕೆರೆಯ ಸುತ್ತಲಿನ ಕೈಗಾರಿಕೆಗಳನ್ನು. ತಪ್ಪಿನ ಪಾಲು ಎಷ್ಟೇ ಚಿಕ್ಕದಿರಲಿ, ಬೀಗ ಮೊದಲು ಬೀಳುವುದು ವಿಳಾಸವಿರುವ ಕಾರ್ಖಾನೆಗೆ.

ಪರಿಹಾರ ಕಷ್ಟಕರವೇನಲ್ಲ. ಗಡಸು ನೀರಿನಲ್ಲಿ ಶಾಯಿ ಒಡೆಯುತ್ತದೆಂಬ ಮೇಲೆ ಹೇಳಿದ ದೋಷವೇ ಇಲ್ಲಿ ಉಪಕಾರಿ. ತೊಳೆದ ನೀರನ್ನು ಡ್ರಮ್ಮಿನಲ್ಲಿ ಕೂಡಿಟ್ಟು ಪಟಿಕ ಹಾಕಿದರೆ ರೆಸಿನ್ನೂ ವರ್ಣಕವೂ ಗಡ್ಡೆಗಟ್ಟಿ ತಳಕ್ಕಿಳಿಯುತ್ತವೆ. ಮೇಲಿನ ತಿಳಿನೀರನ್ನು ಪರೀಕ್ಷಿಸಿ ಮತ್ತೆ ಮೊದಲ ತೊಳೆತಕ್ಕೆ ಬಳಸಬಹುದು. ತಳದ ಕೆಸರನ್ನು ಕಸದ ಗಾಡಿಗೆ ಕೊಡುವಂತಿಲ್ಲ. ಬಣ್ಣ, ವಾರ್ನಿಷ್, ಶಾಯಿಗಳ ತಯಾರಿಕೆ ಹಾಗೂ ಕೈಗಾರಿಕಾ ಬಳಕೆಯ ಶೇಷಗಳು 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಮೊದಲನೆಯ ಅನುಸೂಚಿಯಲ್ಲಿವೆ. ಮಾಲಿನ್ಯ ನಿಯಂತ್ರಣ ಮಂಡಳಿಯ ಅಧಿಕೃತ ವಿಲೇವಾರಿದಾರರಿಗೆ ಕೊಟ್ಟು ರಸೀದಿ ಇಟ್ಟುಕೊಳ್ಳತಕ್ಕದ್ದು. ಈ ವೆಚ್ಚವನ್ನೂ ಮೇಲಿನ 49 ರೂ.ನಿಂದ ಕಳೆಯಬೇಕು. ಶಾಯಿ ಬದಲಾಯಿಸುವಾಗ ತಿಳಿಬಣ್ಣದಿಂದ ಗಾಢಬಣ್ಣದ ಕಡೆಗೆ ಕೆಲಸಗಳನ್ನು ಜೋಡಿಸಿಕೊಂಡರೆ ತೊಳೆತದ ಸಂಖ್ಯೆಯೇ ತಗ್ಗುತ್ತದೆ, ಇದಕ್ಕೆ ಖರ್ಚಿಲ್ಲ.

ಬಿಲ್ಲಿನ ಮೇಲಿನ ಸಂಕೇತ

ಕೊನೆಗೆ ತೆರಿಗೆಯ ವಿಷಯ. ಒಂದೇ ಪಾಲಿಯೆಸ್ಟರ್ ಯಾವುದರಲ್ಲಿ ತೇಲುತ್ತಿದೆ ಎಂಬುದರ ಮೇಲೆ ಅದರ ಎಚ್‌ಎಸ್‌ಎನ್ ಬದಲಾಗುತ್ತದೆ. ನೀರಿನಲ್ಲಿ ಚದುರಿದ ರೆಸಿನ್ ‘ಪ್ರಾಥಮಿಕ ರೂಪದ’ ಪಾಲಿಯೆಸ್ಟರ್ ಆಗಿ 3907ರಲ್ಲಿ ಬರುತ್ತದೆ. ಬಾಷ್ಪಶೀಲ ಸಾವಯವ ದ್ರಾವಕದಲ್ಲಿ ಕರಗಿದ್ದು, ದ್ರಾವಕದ ತೂಕ ಒಟ್ಟು ತೂಕದ ಅರ್ಧವನ್ನು ಮೀರಿದರೆ ಅದೇ ರೆಸಿನ್ 3208ಕ್ಕೆ ಜಾರುತ್ತದೆ. ವರ್ಣಕ ಬೆರೆಸಿದ ಜಲಾಧಾರಿತ ಬಣ್ಣ 3209, ಮುದ್ರಣ ಶಾಯಿ ಯಾವುದನ್ನು ಆಧರಿಸಿದ್ದರೂ 3215. ಬಣ್ಣಗಳ ಜಿಎಸ್‌ಟಿ ದರ 2018ರ ಜುಲೈ 27ರಿಂದ ಶೇ. 28ರಿಂದ 18ಕ್ಕೆ ಇಳಿಯಿತು; ಮುದ್ರಣ ಶಾಯಿಯದು 2022ರ ಜುಲೈ 18ರಿಂದ ಶೇ. 12ರಿಂದ 18ಕ್ಕೆ ಏರಿತು. ದರ ಸಮನಾದ ಮೇಲೆ ಸಂಕೇತ ಯಾವುದಾದರೇನು ಎಂಬ ಉದಾಸೀನ ಸಲ್ಲದು. ಆಮದು ಸುಂಕ ಈ ಸಂಕೇತವನ್ನೇ ಅನುಸರಿಸುತ್ತದೆ.

ಅವಧಿ ಮೀರಿ ಹಾಳಾದ ಡಿಸ್ಪರ್ಷನ್ನನ್ನು ಪುಸ್ತಕದಲ್ಲಿ ವಜಾ ಮಾಡಿದರೆ, ಕೇಂದ್ರ ಜಿಎಸ್‌ಟಿ ಅಧಿನಿಯಮದ 17(5)(ಎಚ್) ಪ್ರಕಾರ ಅದರ ಮೇಲೆ ಪಡೆದ ತೆರಿಗೆ ಜಮೆಯನ್ನೂ ಹಿಂದಿರುಗಿಸಬೇಕು. 340 ರೂ.ನ ಶಾಯಿ ಕೆಟ್ಟರೆ ನಷ್ಟ 340 ಅಲ್ಲ, 401 ರೂ. 20 ಪೈಸೆ. ಪ್ರಯೋಗಕ್ಕೆಂದು ಉಚಿತವಾಗಿ ಹಂಚುವ ಮಾದರಿ ಡಬ್ಬಗಳಿಗೂ ಇದೇ ನಿಯಮ ಅನ್ವಯಿಸುವುದರಿಂದ, ಶಾಯಿ ತಯಾರಕರು ಅಲ್ಪ ಬೆಲೆಯನ್ನಾದರೂ ಹಾಕಿ ಬಿಲ್ ಮಾಡುವುದೋ ಜಮೆ ಬಿಟ್ಟುಕೊಡುವುದೋ ಎಂಬುದನ್ನು ತಮ್ಮ ಲೆಕ್ಕಪರಿಶೋಧಕರೊಡನೆ ಮೊದಲೇ ನಿರ್ಧರಿಸಿಕೊಳ್ಳಬೇಕು. ಡಬ್ಬ ಬಂದ ದಿನಾಂಕವನ್ನು ಮುಚ್ಚಳದ ಮೇಲೆ ಬರೆದು, ಮೊದಲು ಬಂದದ್ದನ್ನು ಮೊದಲು ಬಳಸಿ, ವರ್ಷಾಂತ್ಯದ ದಾಸ್ತಾನು ಪಟ್ಟಿಯಲ್ಲಿ ಆರು ತಿಂಗಳು ದಾಟಿದ ಡಬ್ಬಗಳನ್ನು ಪ್ರತ್ಯೇಕವಾಗಿ ತೋರಿಸಿದರೆ, ಮೌಲ್ಯಮಾಪನದ ವೇಳೆ ಅವುಗಳ ಬೆಲೆಯನ್ನು ಎಷ್ಟಕ್ಕೆ ಇಳಿಸಬೇಕೆಂಬುದು ಪ್ರತಿ ಡಬ್ಬದ ಪರೀಕ್ಷೆಯಿಂದ ತೀರ್ಮಾನವಾಗುತ್ತದೆ.